ಅಂಜಲಿಯ ಮೂಗಿನ ಸಿಳ್ಳೆ, ದುರ್ಗಕ್ಕನ ಎಮ್ಮೆ ಪರೀಕ್ಷೆ

ತುಂಗಭದ್ರೆಯ ನೀರು ಮುಟ್ಟಿ ಹೇಳುತ್ತೇನೆ, ಇದು ಕಂಪ್ಲಿಯಲ್ಲಿ ನಡೆದದ್ದೇ. ಒಂದಕ್ಷರ ಸುಳ್ಳಾದರೆ ನನ್ನ ಮೂಗು ಕೊಯ್ಯಿರಿ.

ಹುಲುಗೇಶನ ಮಗಳು ಅಂಜಲಿಗೆ ಅಕ್ಕಿ ಮಿಲ್ಲಿನ ಆಫೀಸಿನಲ್ಲಿ ಕೆಲಸ. ಸ್ಕೂಟಿಯಿಂದ ಬಿದ್ದು ಮೂಗು ಸೊಟ್ಟಗಾಯಿತು. ಬಸ್ಸಿನ ಹಿಂದೆ ಅಂಟಿಸಿದ್ದ ಜಾಹೀರಾತು ನೋಡಿ ಅಪ್ಪ ಎಲ್ಲೋ ಆಪರೇಷನ್ ಮಾಡಿಸಿದ. ಮೂಗು ನೆಟ್ಟಗಾಯಿತು, ಉಸಿರು ಕಟ್ಟಿತು. ಮೇಲೆ ಸಿಳ್ಳೆ ಬೇರೆ! ಅವಳು ಉಸಿರೆಳೆದರೆ ಸಾಕು, ಹಮಾಲರು ಊಟದ ಸೈರನ್ ಅಂದುಕೊಂಡು ಬೆಳಿಗ್ಗೆ ಹತ್ತು ಗಂಟೆಗೇ ಬುತ್ತಿ ಬಿಚ್ಚುತ್ತಿದ್ದರು. ನೆಗಡಿಯಾದ ದಿನ ನಾಲ್ಕು ಸಲ ಉಂಡರು.

ಮಾಲೀಕ ನಾಗಭೂಷಣ ಕೈಮುಗಿದ. "ಸಿಳ್ಳಿ ನಿಲ್ಸವ್ವ. ಇಲ್ಲಾಂದ್ರ ಮನ್ಯಾಗ ಇದ್ಬಿಡು."

ಹುಲುಗೇಶ ತನ್ನ ಅಕ್ಕ ದುರ್ಗಕ್ಕನಿಗೆ ಫೋನ್ ಮಾಡಿದ. "ಅಕ್ಕಾ, ಹೊಸಪೇಟ್ಯಾಗ ಒಬ್ಬ ಡಾಕ್ಟರ್ ಅದಾನ. ಅವನ ಮೂಗು ನೋಡ್ಬೇಕು ನೀ, ಮಸ್ತ್ ಐತಿ! ತನ್ನ ಮೂಗ ಅಷ್ಟು ಚಂದ ಇಟ್ಕೊಂಡಾನ, ನಮ್ಮ ಹುಡುಗೀದು ಕೆಡಸ್ತಾನೇನು?"

ದುರ್ಗಕ್ಕ ಕಮಲಾಪುರದಲ್ಲಿ ನಲವತ್ತು ವರ್ಷ ಎಮ್ಮೆ ವ್ಯಾಪಾರ ಮಾಡಿದವಳು. "ಲೇ ಹುಲುಗ, ಮೂರು ಹೊತ್ತು ಹಾಲು ಕರದು ನೋಡಲಾರ್ದ ನಾನು ಎಮ್ಮಿ ಹಿಡಿಯಾಂಗಿಲ್ಲ. ಇದು ಹುಡುಗಿ ಉಸ್ರು. ತಡಿ, ನಾನೂ ಬರ್ತೀನಿ."

ಕ್ಲಿನಿಕ್ಕಿನಲ್ಲಿ ದುರ್ಗಕ್ಕ ಡಾಕ್ಟರ ಮೂಗನ್ನು ಮೂರು ಕಡೆಯಿಂದ ನೋಡಿದಳು.

"ಮೂಗು ಚಂದ ಐತ್ರಿ. ನೀವ ಮಾಡ್ಕೊಂಡಿದ್ದೇನು?"

"ಇಲ್ಲಮ್ಮ, ಹುಟ್ಟಿನಿಂದ ಬಂದದ್ದು."

"ಹಂಗಾರ ಅದು ನಿಮ್ಮವ್ವ ಮಾಡಿದ ಕೆಲ್ಸ. ನೀವು ಮಾಡಿದ್ದು ತೋರಸ್ರಿ."

ಅವರು ಫೋಟೊ ತೋರಿಸಿದರು. ಎಲ್ಲ ಸಿನಿಮಾ ಮುಖಗಳು. ಪ್ಲಾಸ್ಟಿಕ್ ಸರ್ಜರಿ ಎಲ್ಲಿ ಓದಿದಿರಿ ಅಂದರೆ, "ಆರು ವಾರದ ಕೋರ್ಸ್" ಅಂದರು. ವೈದ್ಯಕೀಯ ಪರಿಷತ್ತಿನ ನೋಂದಣಿ ನಂಬರ್ ಕೇಳಿದರೆ, "ಇವತ್ತೇ ಹೆಸರು ಬರೆಸಿ, ಡಿಸ್ಕೌಂಟ್ ಇದೆ" ಅಂದರು.

"ಏಳ್ಲೇ ಹುಲುಗ," ಎಂದಳು ದುರ್ಗಕ್ಕ. "ಸಂತ್ಯಾಗ ಕುಂಟ ಎಮ್ಮಿ ಮಾರೋನೂ ಹಿಂಗ ಜಲ್ದಿ ಮಾಡ್ತಾನ."

ಎರಡನೆಯವರು ದೊಡ್ಡ ಆಸ್ಪತ್ರೆಯ ಡಾಕ್ಟರ್ ಮಾಧವಿ. ನೋಂದಣಿ ನಂಬರನ್ನು ಅಂಜಲಿ ಮೊದಲೇ ಮೊಬೈಲಿನಲ್ಲಿ ನೋಡಿದ್ದಳು, ಪದವಿಯೂ ಸರಿಯಿತ್ತು. ಆದರೆ ಹುಲುಗೇಶ ಅಕ್ಕನ ಕಿವಿಯಲ್ಲಿ ಗೊಣಗಿದ: "ಇವ್ರ ಮೂಗು ಆಲೂ ಬೋಂಡ ಇದ್ದಂಗ ಐತಲ್ಲ!"

"ಬಾಯಿ ಮುಚ್ಚು. ಬೋಂಡ ತಿನ್ನಾಕ ಬಂದೀಯೇನು?"

ಮಾಧವಿ ಹಳೆಯ ಆಪರೇಷನ್ನಿನ ಕಾಗದ ಕೇಳಿದರು. ಮೂಗಿನೊಳಗೆ ದೀಪ ಹಾಕಿ ನೋಡಿದರು. "ಒಳಗೋಡೇಲಿ ತೂತಿದೆ, ಅದಕ್ಕೇ ಸಿಳ್ಳೆ" ಎಂದರು. ಒಪ್ಪಿಗೆ ಕೊಟ್ಟ ತಮ್ಮದೇ ರೋಗಿಗಳ ಫೋಟೊ ತೋರಿಸಿದರು, ಆಪರೇಷನ್ನಿಗೆ ಮುಂಚಿನದು, ವರ್ಷದ ನಂತರದ್ದು.

"ನೋಡಮ್ಮ, ಎರಡನೇ ಸಲದ ಮೂಗು ಕಷ್ಟ. ಮೊದಲಿನದು ಮಾಡಿಸಿ ಒಂದು ವರ್ಷವಾದರೂ ಆಗಲಿ, ಗಾಯ ಪೂರ್ತಿ ಮಾಗಬೇಕು. ಕಿವಿಯಿಂದಲೋ ಪಕ್ಕೆಯಿಂದಲೋ ಮೆದು ಎಲುಬು ತೆಗೀಬೇಕಾಗಬಹುದು. ಪೂರ್ತಿ ಸರಿಹೋಗುತ್ತೆ ಅಂತ ಗ್ಯಾರಂಟಿ ಕೊಡಲ್ಲ. ಇನ್ನೊಬ್ಬರನ್ನೂ ಕೇಳಿ ಬನ್ನಿ."

ಹುಲುಗೇಶನ ಮುಖ ಬಾಡಿತು. ದುರ್ಗಕ್ಕ ತೊಡೆ ತಟ್ಟಿಕೊಂಡು ನಕ್ಕಳು. "ಈ ಎಮ್ಮಿ ಒದಿತೈತಿ ಅಂತ ತಾನ ಬಾಯಿಬಿಟ್ಟು ಹೇಳಿದೋನು ನಲವತ್ತು ವರ್ಷದಾಗ ನನಗ ಒಬ್ಬನ ಸಿಕ್ಕಿದ್ದ. ಅವನ ಹತ್ರಾನ ಹಿಡಿದೆ, ಹನ್ನೊಂದು ಸೂಲು ಹಾಲು ಕೊಡ್ತು. ಇವ್ರ ಕೈಲೇ ಮಾಡ್ಸು."

ಇನ್ನೊಬ್ಬ ಡಾಕ್ಟರೂ ಅದನ್ನೇ ಹೇಳಿದರು. ಕಾದರು, ಮಾಡಿಸಿದರು. ಈಗ ಅಂಜಲಿ ಬಾಯಿ ಮುಚ್ಚಿ ನಿದ್ದೆ ಮಾಡುತ್ತಾಳೆ, ಕೆಲಸವೂ ಉಳಿಯಿತು. ಹಮಾಲರು ಮಾತ್ರ ಒಂದೇ ಊಟಕ್ಕೆ ಬಿದ್ದು ಸೊರಗಿದ್ದಾರೆ.

ಅಕ್ಕಂದಿರಾ, ಅಣ್ಣಂದಿರಾ, ಮೂಗು ಮಾಡಿಸುವವರು ಡಾಕ್ಟರ ಮುಖ ನೋಡಬೇಡಿ, ಬಸ್ಸಿನ ಹಿಂಭಾಗವನ್ನಂತೂ ನೋಡಲೇಬೇಡಿ. ಓದು ಏನು, ನೋಂದಣಿ ಇದೆಯಾ, ಇಂಥ ಮೂಗು ಎಷ್ಟು ಮಾಡಿದ್ದಾರೆ, ಕೆಟ್ಟರೆ ಏನು ಗತಿ, ಬಾಯಿಬಿಟ್ಟು ಕೇಳಿ. ಕೇಳಿದ್ದಕ್ಕೆ ಸಿಟ್ಟಾದರೆ ಎದ್ದು ಬನ್ನಿ.

ಅಂದ ಹಾಗೆ, ಮೂಗಿನ ಸಿಳ್ಳೆಗೆ ಹಮಾಲರು ನಾಲ್ಕು ಸಲ ಉಂಡರು ಅಂದಾಗ, ಯಾವ ಮಿಲ್ಲು, ಕಂಡವರು ಯಾರು ಅಂತ ನಿಮ್ಮಲ್ಲಿ ಒಬ್ಬರಾದರೂ ಕೇಳಿದಿರಾ? ಸುಮ್ಮನೆ ನಂಬಿದಿರಿ. ಆ ತಪ್ಪಿಗೆ ದಂಡ: ನನಗೊಂದು ಪ್ಲೇಟು ಮಂಡಕ್ಕಿ ಒಗ್ಗರಣೆ, ಎರಡು ಮಿರ್ಚಿ ಬಜ್ಜಿ. ಬಿಸಿ ಇರಲಿ.