ಅಜ್ಜಿ ಕಾಫಿ ಬಿಟ್ಟ ನಾಲ್ಕು ವರ್ಷ

ನಮ್ಮಜ್ಜಿ ಶಮ್ಸಾ ನಾಲ್ಕು ವರ್ಷ ಕಾಫಿ ಮುಟ್ಟಲಿಲ್ಲ. ನಮ್ಮ ಹೌರಾನ್ ಸೀಮೆಯ ಕಡೆ ಕಾಫಿ ಬಿಡುವುದೆಂದರೆ ಸಕ್ಕರೆ ಕಾಯಿಲೆಯವರು ಸಿಹಿ ಬಿಟ್ಟ ಹಾಗಲ್ಲ. ಮನೆಯ ಜೀವ ತೆಗೆದವನ ಮೇಲಿನ ಸೇಡು ತೀರುವವರೆಗೆ ಕಾಫಿ ಬಾಯಿಗೆ ಹಾಕುವುದಿಲ್ಲ ಎನ್ನುವ ಶಪಥ ಅದು. ಗಂಡಸರು ಮಾಡುವಂಥದ್ದು. ನಮ್ಮ ಮನೆಯಲ್ಲಿ ಗಂಡಸರೇ ಉಳಿದಿರಲಿಲ್ಲ, ಹಾಗಾಗಿ ಅಜ್ಜಿಯೇ ಮಾಡಿದಳು.

ಜೀವ ತೆಗೆದವನು ಫವ್ವಾಜ್. ನಮ್ಮಪ್ಪನ ದಾಯಾದಿ ತಮ್ಮ. ಅವನನ್ನು ಚಿಕ್ಕಪ್ಪ ಎನ್ನಲು ಇವತ್ತಿಗೂ ನನಗೆ ನಾಲಿಗೆ ಹೊರಳುವುದಿಲ್ಲ.

ನನಗಾಗ ಹದಿನೈದು ವರ್ಷ. ಅಪ್ಪ ಅಮ್ಮ ಇಬ್ಬರೂ ಊರಿನ ಮೇಲೆ ಬಿದ್ದ ಶೆಲ್ಲಿಗೆ ಬಲಿಯಾಗಿ ನಲವತ್ತು ದಿನವೂ ಆಗಿರಲಿಲ್ಲ. ಅಜ್ಜಿ, ನಾನು, ಆರು ವರ್ಷದ ನನ್ನ ತಮ್ಮ ಮಿಕ್ದಾದ್, ಮೂವರೂ ಫವ್ವಾಜನ ಪಿಕಪ್ಪಿನ ಹಿಂದೆ ಹಾಸಿಗೆ ಗಂಟುಗಳ ನಡುವೆ ಕೂತು ಜೋರ್ಡಾನಿನ ಗಡಿಯ ಕಡೆ ಹೊರಟಿದ್ದೆವು. ದಾರಿಯಲ್ಲಿ ಅವನ ಹೆಂಡತಿಯ ತವರುಮನೆ ಬಂತು. ಅಲ್ಲಿ ಗಾಡಿ ನಿಲ್ಲಿಸಿದ. ಒಳಗಿನಿಂದ ಒಂದು ಬಿಳಿ ಫ್ರಿಜ್ಜು ಹೊರಗೆ ಬಂತು. ಅದನ್ನು ನೋಡಿದ, ನಮ್ಮನ್ನು ನೋಡಿದ.

"ದೊಡ್ಡಮ್ಮ, ಸ್ವಲ್ಪ ಇಳೀರಿ. ಇದನ್ನ ಆ ಕಡೆ ಬಿಟ್ಟು ಮಧ್ಯಾಹ್ನದೊಳಗೆ ವಾಪಸ್ ಬಂದ್ಬಿಡ್ತೀನಿ."

ಅವನೂ ಅವನ ಮಗನೂ ಸೇರಿ ನಮ್ಮನ್ನು ಇಳಿಸಿದರು; ನಾನು ಅಜ್ಜಿಯನ್ನು ಹಿಡಿದುಕೊಂಡು ಮೊದಲೇ ಇಳಿದಿದ್ದೆ. ಜನವರಿ ತಿಂಗಳು, ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಆ ಮನೆಯವರೂ ಬೀಗ ಹಾಕಿಕೊಂಡು ಹೊರಟುಹೋದರು. ಆ ಮಧ್ಯಾಹ್ನ ಬರಲೇ ಇಲ್ಲ. ಬಾಗಿಲಿಲ್ಲದ ಒಂದು ಕುರಿ ಕೊಟ್ಟಿಗೆಯಲ್ಲಿ ನಾವು ಮೂರು ದಿನ ಕಾದೆವು. ಮಿಕ್ದಾದನಿಗೆ ಜ್ವರ ಏರಿತು. "ಚಿಕ್ಕಪ್ಪನ ಗಾಡಿ ಬಂತಾ ಅಕ್ಕಾ?" ಎಂದು ಕೇಳುತ್ತಲೇ ಇದ್ದ. ಮೂರನೆಯ ಬೆಳಿಗ್ಗೆ ಕೇಳುವುದನ್ನು ನಿಲ್ಲಿಸಿದ. ಅಜ್ಜಿ ತನ್ನ ತಲೆಯ ಬಟ್ಟೆಯಲ್ಲೇ ಅವನನ್ನು ಸುತ್ತಿದಳು. ಆಲಿವ್ ಮರದ ಬುಡದಲ್ಲಿ ನಾವಿಬ್ಬರೇ ಮಣ್ಣು ಕೆದರಿದೆವು. ಆಮೇಲೆ ಎದ್ದು ನಡೆದೆವು.

ಜೋರ್ಡಾನಿನ ರಮ್ತಾ ಊರಿನಲ್ಲಿ ನಮಗೆ ಬಾಗಿಲು ತೆರೆದವಳು ಉಮ್ಮ್ ತಲಾಲ್, ಅಂದರೆ ತಲಾಲನ ತಾಯಿ. ಅವಳ ಗಂಡ ಅಬೂ ತಲಾಲನದು ರೊಟ್ಟಿ ಅಂಗಡಿ. ಅವಳ ಬಾಯಿ ಎಂಥದ್ದೆಂದರೆ ರೊಟ್ಟಿಗೆ ಬಂದವರು ಅರ್ಧ ಬೈಗುಳ ತಿಂದುಕೊಂಡೇ ಹೋಗಬೇಕು. "ಏನೇ, ಗುಬ್ಬಚ್ಚಿ ಹಾಗೆ ಮುದುರಿಕೊಂಡು ಕೂತಿದ್ದೀಯ? ಹಿಟ್ಟು ನಾದು ಬಾ. ಅಳೋದಿದ್ರೆ ಹಿಟ್ಟಿನ ಮೇಲೆ ಅಳು, ಉಪ್ಪು ಉಳಿಯುತ್ತೆ" ಎಂದಳು ಮೊದಲ ದಿನವೇ. ನಾನು ಅತ್ತೆ. ನಾದಿದೆ. ಆವತ್ತಿನಿಂದ ಆ ಮನೆಯಲ್ಲೇ ಉಂಡೆ, ಮಲಗಿದೆ, ಬೈಸಿಕೊಂಡೆ.

ಆರು ತಿಂಗಳಾದ ಮೇಲೆ ರೊಟ್ಟಿಗೆ ಬಂದ ಒಬ್ಬ ಮುದುಕ ಅಜ್ಜಿಯ ಹೆಸರು ಕೇಳಿದವನೇ ಕಣ್ಣೊರೆಸಿಕೊಂಡ. "ಫವ್ವಾಜನ ದೊಡ್ಡಮ್ಮ ನೀವೇನಾ ತಾಯಿ? ಪಾಪ, ಶೆಲ್ ಬೀಳ್ತಿರುವಾಗ ಮೂರು ಸಲ ನಿಮ್ಮನ್ನ ಹುಡುಕಿಕೊಂಡು ವಾಪಸ್ ಬಂದನಂತಲ್ಲ! ಮಗೂನ ತನ್ನ ಕೈಯಾರೆ ಮಣ್ಣು ಮಾಡಿದನಂತೆ. ಬೈಠಕ್ಕಿನಲ್ಲಿ ಹೇಳಿಕೊಂಡು ಎಷ್ಟು ಅಳ್ತಾನೆ ಗೊತ್ತಾ?"

ನನ್ನ ಮೈಯೆಲ್ಲಾ ಧಗಧಗ ಉರಿಯಿತು. ಆ ನೀಚ ನಮ್ಮ ಮಿಕ್ದಾದನ ಗೋರಿಯನ್ನೂ ಬಿಟ್ಟಿರಲಿಲ್ಲ. ಅದನ್ನೇ ಹೇಳಿ ಹೇಳಿ, ಗಡಿ ದಾಟಿ ಬಂದ ನಮ್ಮೂರ ಹಿರಿಯರ ಸಾಲಿನಲ್ಲಿ ಕೂತಿದ್ದ, ಜಗಳ ಬಿಡಿಸಲು ಜನ ಅವನನ್ನು ಕರೆಯುತ್ತಿದ್ದರು. ನಾನು ಲಟ್ಟಣಿಗೆ ಹಿಡಿದು ಬೀದಿಗಿಳಿಯುವವಳಿದ್ದೆ. ಅಜ್ಜಿ ಸೆರಗು ಹಿಡಿದೆಳೆದಳು.

"ಈಗ ಹೋಗಿ ಕೂಗಿದ್ರೆ ಹುಚ್ಚು ಹುಡುಗಿ ಅಂತಾರೆ. ಅವನ ಬಾಯಿಂದಾನೇ ಬರಬೇಕು ಕಣೇ, ಅದೇ ಹಿರಿಯರ ಎದುರಿಗೆ. ಕಾಯಿ."

ಕಾದೆವು. ಎದೆಯೊಳಗೆ ಕೆಂಡ ಇಟ್ಟುಕೊಂಡು ಮೂರೂವರೆ ವರ್ಷ ಕಾದೆವು. ನಾನೇನು ಕ್ಷಮಿಸುವ ಜಾತಿಯವಳಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಕೊನೆಗೆ ಫವ್ವಾಜನೇ ತಾನಾಗಿ ದಾರಿ ಮಾಡಿಕೊಟ್ಟ. ತನ್ನ ಮಗ ರಾಕಾನನಿಗೆ ನನ್ನನ್ನು ಕೇಳಿ ಹೆಂಗಸರ ಕೈಲಿ ಸುದ್ದಿ ಕಳಿಸಿದ. ಯಾಕೆಂದು ನನಗೆ ಗೊತ್ತಿತ್ತು. ಸೊಸೆಯಾಗಿ ಅವನ ಒಲೆಯ ಮುಂದೆ ಕೂತ ಮೇಲೆ ನನ್ನ ಬಾಯಿಗೂ ಬೀಗ, ಅವನ ಸುಳ್ಳಿಗೂ ಬೀಗ. ಸಾಲದ್ದಕ್ಕೆ ಸುದ್ದಿ ತಂದವಳು ಹೇಳಿದಳು: "ರಕ್ತಸಂಬಂಧ ಅಂತ ಕೇಳ್ತಿದ್ದಾರೆ ಕಣ್ರೀ. ಇಲ್ಲದಿದ್ರೆ ಕಂಡೋರ ಮನೇಲಿ ಹಿಟ್ಟು ನಾದೋಳನ್ನ ಯಾರು ಕೇಳ್ತಾರೆ?"

ಉಮ್ಮ್ ತಲಾಲ್ ಪೊರಕೆ ಎತ್ತಿಕೊಂಡಳು. ನಾನು ತಡೆದೆ.

"ಅತ್ತೆ, ಬರೋಕೆ ಹೇಳಿ. ಹಿರಿಯರನ್ನೆಲ್ಲ ಕರಕೊಂಡು ಬರಲಿ."

ಹೆಣ್ಣು ಕೇಳಲು ಬಂದ ಹಿರಿಯರ ಮುಂದೆ ಕಾಫಿ ಇಡುತ್ತಾರೆ. ದೊಡ್ಡವನು ಬಟ್ಟಲನ್ನು ಮುಟ್ಟದೆ ಬೇಡಿಕೆ ಹೇಳುತ್ತಾನೆ. ಮನೆಯವನು "ಕುಡೀರಿ, ಕೇಳಿದ್ದು ಕೊಟ್ಟೆ" ಎಂದ ಮೇಲೆಯೇ ಎಲ್ಲರೂ ಕುಡಿಯುವುದು. ಇದೆಲ್ಲ ಬರೀ ಶಾಸ್ತ್ರ. ಒಪ್ಪಿಗೆ ಹೆಂಗಸರ ನಡುವೆ ಎಂದೋ ಆಗಿರುತ್ತದೆ. ಬನ್ನಿ ಎಂದರೆ ಕೊಟ್ಟೆವು ಎಂದೇ ತಿಳಿಯುತ್ತಾರೆ. ಬಂದ ದಂಡು ಕಾಫಿ ಕುಡಿಯದೆ ಎದ್ದು ಹೋಯಿತೆಂದರೆ ಕರೆತಂದವನ ಮಾನ ಏಳು ಹಳ್ಳಿಯಲ್ಲಿ ಹರಾಜು.

ನನ್ನ ಯೋಜನೆ ಕೇಳಿ ಅಬೂ ತಲಾಲ್ ಗಡ್ಡ ಕೆರೆದುಕೊಂಡ. ಮೆತ್ತಗಿನ ಮನುಷ್ಯ. "ಮಗಳೇ, ನನ್ನಪ್ಪನ ಕಾಲದಿಂದ ಈ ಮನೇಲಿ ಯಾರ ಕಾಫೀನೂ ಕುಡಿಯದೆ ಉಳಿದಿಲ್ಲ. ಬಂದೋರನ್ನ ಬರಿಗೈಲಿ ಎಬ್ಬಿಸಿದ ಅಂತ ನನ್ನನ್ನೂ ಸೇರಿಸಿ ಉಗೀತಾರೆ."

"ಹಂಗಾದ್ರೆ ಕೊಟ್ಬಿಡಿ ನಿಮ್ಮ ಮಗಳನ್ನ ಆ ಫ್ರಿಜ್ಜಿನವನಿಗೆ!" ಎಂದು ಉಮ್ಮ್ ತಲಾಲ್ ಅವನ ಮೇಲೆ ಹಾರಿಬಿದ್ದಳು.

ಅವನು ಎದ್ದು ಅಂಗಡಿಗೆ ಹೋದ. ಮಾರನೆಯ ದಿನ ನನಗೆ ಹೇಳದೆ ನಲವತ್ತು ಕುರ್ಚಿ ಬಾಡಿಗೆಗೆ ತಂದು ಅಂಗಳದಲ್ಲಿ ಹಾಕಿದ.

ಶುಕ್ರವಾರ ಸಂಜೆಯ ನಮಾಜಿಗೆ ಮುಂಚೆ ಬಂದರು. ಎಲ್ಲರ ಮುಂದೆ ಹಾಜಿ ಖಲಫ್. ಎಂಬತ್ತು ದಾಟಿದ ಮುದುಕ, ಅವನ ಮಾತು ಊರಲ್ಲಿ ಎರಡಾಗುತ್ತಿರಲಿಲ್ಲ. ಪಕ್ಕದಲ್ಲಿ ಫವ್ವಾಜ್, ಹೊಸ ಕಂದು ನಿಲುವಂಗಿ, ಮೀಸೆಗೆ ಬಣ್ಣ, ಫೋಟೋ ತೆಗೆಯುವವನು ಬೇರೆ. ಹಿಂದೆ ತಲೆ ತಗ್ಗಿಸಿಕೊಂಡ ರಾಕಾನ್. ನಾನೂ ಅಜ್ಜಿಯೂ ಬಾಗಿಲ ಪರದೆಯ ಹಿಂದೆ ನಿಂತಿದ್ದೆವು.

ಅಬೂ ತಲಾಲ್ ಕಾಫಿ ಸುರಿದ. ಹಾಜಿ ಬಟ್ಟಲನ್ನು ಮುಂದಿಟ್ಟುಕೊಂಡು ದೇವರನ್ನು ಸ್ಮರಿಸಿ, "ತಬ್ಬಲಿ ಮಕ್ಕಳಿಗಾಗಿ ಶೆಲ್ಲಿಗೆ ಎದೆಯೊಡ್ಡಿದ ಫವ್ವಾಜನ ಮಗನಿಗೆ ನಿಮ್ಮ ಫಿದ್ದಾಳನ್ನ ಕೇಳೋಕೆ ಬಂದಿದ್ದೀವಿ. ಮಾತು ಸಿಗೋವರೆಗೂ ಈ ಕಾಫಿ ಮುಟ್ಟೋದಿಲ್ಲ" ಎಂದ.

ಫೋಟೋದವನು ಎದ್ದು ನಿಂತ. ಫವ್ವಾಜನ ಕೈ ಆಗಲೇ ಬಟ್ಟಲಿನ ಕಡೆ ಹೋಗಿತ್ತು.

"ಹಾಜಿ," ಎಂದ ಅಬೂ ತಲಾಲ್. "ಫಿದ್ದಾ ನನ್ನ ಮಗಳು. ಹೆತ್ತಿಲ್ಲ, ಆದರೂ ಮಗಳೇ. ಇವತ್ತು ಈ ಮನೆಯ ಮಾತು ಅವಳದ್ದು. ಅವಳು ಕುಡೀರಿ ಅಂದ್ರೆ ಕುಡೀರಿ."

ಅಂಗಳ ಗುಜುಗುಜು ಎಂದಿತು. ನಾನು ಅಜ್ಜಿಯ ಕೈ ಹಿಡಿದುಕೊಂಡು ಹೊರಗೆ ಬಂದೆ. ಹಿಟ್ಟಿನ ಕೈ, ತೊಳೆದಿರಲಿಲ್ಲ. ಬೇಕಂತಲೇ.

"ಹಾಜಿ ತಾತ, ನಮ್ಮನ್ನ ಗಾಡಿಯಿಂದ ಕೆಳಗಿಳಿಸಿ ಆ ಜಾಗದಲ್ಲಿ ಏನು ಹತ್ತಿಸಿದ ಅಂತ ಫವ್ವಾಜ್ ಮೊದಲು ಹೇಳಲಿ. ಆಮೇಲೆ ಕಾಫಿ ಮಾತಾಡೋಣ."

ಫವ್ವಾಜನ ಮುಖ ಸುಣ್ಣ ಹಚ್ಚಿದ ಗೋಡೆಯಾಯಿತು. ಆದರೂ ನಕ್ಕ. "ಪಾಪ, ದುಃಖದಲ್ಲಿ ಹುಡುಗಿಗೆ ಏನೇನೋ ಅನ್ನಿಸುತ್ತೆ. ಶೆಲ್ ಬೀಳ್ತಿತ್ತು ಹಾಜಿ, ಗಲಾಟೇಲಿ ಕೈ ತಪ್ಪಿದ್ರು..."

"ಥೂ!" ಎಂದಳು ಅಜ್ಜಿ. "ಇವನ ಅಡುಗೆಮನೇಲಿ ಈಗಲೂ ನಿಂತಿದೆ. ಬಿಳೀದು, ಬಾಗಿಲ ಕೆಳಗೆ ಎಡಕ್ಕೆ ತಗ್ಗು ಬಿದ್ದಿದೆ. ನನ್ನ ಮೊಮ್ಮಗ ಕೂತಿದ್ದ ಜಾಗಕ್ಕೆ ಹತ್ತಿಸಿದ್ದು ಆ ಫ್ರಿಜ್ಜನ್ನೇ. ಹಾಜಿ, ಬೇಸಿಗೇಲಿ ಅದರೊಳಗಿನ ತಣ್ಣೀರು ನೀನೂ ಕುಡಿದಿದ್ದೀಯ."

ಹಾಜಿಯ ಕೈ ಗಂಟಲಿಗೆ ಹೋಯಿತು.

ಆಗ ಹಿಂದಿನಿಂದ ರಾಕಾನ್ ಎದ್ದ. "ಮಿಕ್ದಾದನ್ನ ಎತ್ತಿ ಕೆಳಗಿಳಿಸಿದ್ದು ನಾನು. ಅಪ್ಪ ಹೇಳಿದ್ರು, ಇಳಿಸಿದೆ. ನನ್ನ ಅಂಗಿ ಹಿಡಕೊಂಡಿದ್ದ, ಬಿಡ್ತಿರಲಿಲ್ಲ. ಬೆರಳು ಬಿಡಿಸಿದೆ." ಅಷ್ಟು ಹೇಳಿ ಹೆಂಗಸಿನ ಹಾಗೆ ಬಿಕ್ಕಿದ.

ಅವನ ಮೇಲೆ ಕನಿಕರ ಬಂತಾ ಎಂದು ಜನ ಈಗಲೂ ಕೇಳುತ್ತಾರೆ. ಬರಲಿಲ್ಲ. ನಾಲ್ಕು ವರ್ಷ ಆ ಬೆರಳುಗಳ ಸಂಗತಿ ನನಗೆ ಗೊತ್ತಿರಲಿಲ್ಲ. ಗೊತ್ತಾದಾಗ ಎದೆ ಹರಿದುಹೋಯಿತು.

"ಹುಡುಗ ಹೇಳಿದ್ದು ನಿಜಾನಾ?" ಎಂದ ಹಾಜಿ.

ಫವ್ವಾಜ್ ಆ ಕಡೆ ನೋಡಿದ, ಈ ಕಡೆ ನೋಡಿದ. ನಲವತ್ತು ಮುಖಗಳಲ್ಲಿ ಒಂದೂ ಅವನಿಗೆ ಸಿಗಲಿಲ್ಲ. "ಮಧ್ಯಾಹ್ನ ವಾಪಸ್ ಹೋಗೋಣ ಅಂತಾನೇ ಇದ್ದೆ..."

"ಹೋದೆಯಾ?"

"ಇಲ್ಲ."

ಆ ಒಂದು ಮಾತಿಗಾಗಿ ನಾನು ಬದುಕಿದ್ದೆ. ಕಿವಿ ತುಂಬ ಕೇಳಿಸಿಕೊಂಡೆ. ಹಬ್ಬದೂಟ ಉಂಡಷ್ಟು ತೃಪ್ತಿಯಾಯಿತು, ಯಾಕೆ ಸುಳ್ಳು ಹೇಳಲಿ?

ಹಾಜಿ ಕೋಲೂರಿ ಎದ್ದ. "ಅಬೂ ತಲಾಲ್, ನಿನ್ನ ಮನೆ ಕಾಫಿಗೆ ಕುಂದು ತರ್ತಿಲ್ಲಪ್ಪ. ಇವನ ಜೊತೆ ಕೂತು ನನ್ನ ಗಂಟಲಲ್ಲಿ ಇಳಿಯೋದಿಲ್ಲ. ನಾಳೆ ನಾನೊಬ್ಬನೇ ಬಂದು ಕುಡೀತೀನಿ." ಅಜ್ಜಿಯ ಮುಂದೆ ನಿಂತು ತಲೆ ಬಾಗಿಸಿದ. ಅವನ ಹಿಂದೆ ಎಲ್ಲರೂ ಎದ್ದರು. ಬಾಡಿಗೆ ಕುರ್ಚಿಗಳ ನಡುವೆ ಫವ್ವಾಜ್ ಒಬ್ಬನೇ ಉಳಿದ. ಅವನಿಗೆ ಬಾ ಎಂದವರಿಲ್ಲ, ಮಗನೂ ಅನ್ನಲಿಲ್ಲ. ಕೊನೆಗೆ ತಾನೇ ಎದ್ದು ಗೋಡೆಗುಂಟ ನಡೆದುಹೋದ.

ಅಂಗಳ ಖಾಲಿಯಾಯಿತು. ಮಿಕ್ದಾದ್ ಮಾತ್ರ ಎಲ್ಲಿಂದಲೂ ವಾಪಸ್ ಬರಲಿಲ್ಲ. ಅದು ನೆನಪಾದದ್ದೇ ನಾನು ನೆಲದ ಮೇಲೆ ಕೂತುಬಿಟ್ಟೆ.

"ಏಳೇ, ಮಹಾರಾಣಿ! ನಲವತ್ತು ಬಟ್ಟಲು ಯಾರು ತೊಳೀತಾರೆ, ನಿಮ್ಮಪ್ಪನಾ?" ಎಂದು ಉಮ್ಮ್ ತಲಾಲ್ ಗದರಿದಳು. ಬೆರಳು ಮಾಡಿದ್ದು ಅಬೂ ತಲಾಲನ ಕಡೆಗೆ. ಅವನು ಆಗಲೇ ತೋಳು ಮಡಚಿಕೊಂಡು ಬಟ್ಟಲು ಜೋಡಿಸುತ್ತಿದ್ದ. ಗದರಿದವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಅಜ್ಜಿ ಹಾಜಿಯ ಕುರ್ಚಿಯಲ್ಲಿ ಹೋಗಿ ಕೂತಳು. ಸೆರಗು ಸರಿಮಾಡಿಕೊಂಡಳು.

"ತಲಾಲನ ತಾಯಿ, ಬಿಸಿಯಾಗಿ ಒಂದು ಬಟ್ಟಲು ಹಾಕಮ್ಮ."

ಉಮ್ಮ್ ತಲಾಲ್ ಕಾಫಿ ಹೂಜಿ ತಂದಳು. ಸುರಿದಳು, ಅರ್ಧ ಚೆಲ್ಲಿತು. ಅಜ್ಜಿ ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಒಂದೇ ಗುಟುಕಿಗೆ ಕುಡಿದಳು. ನಮ್ಮಲ್ಲಿ ಸಾಕು ಎನ್ನುವವರು ಬಟ್ಟಲನ್ನು ಅಲ್ಲಾಡಿಸಿ ಕೊಡುತ್ತಾರೆ. ಅಜ್ಜಿ ಅಲ್ಲಾಡಿಸಲಿಲ್ಲ, ಹಾಗೆಯೇ ಮುಂದೆ ಚಾಚಿದಳು.