ಕೆರೆಯಂಗಳದ ಹಸಿರು

೧
2024ರ ಮಾರ್ಚ್ 14, ಗುರುವಾರ, ಬೆಳಿಗ್ಗೆ 10 ಗಂಟೆ 42 ನಿಮಿಷ. ಉಪಗ್ರಹ ತಲೆಯ ಮೇಲೆ ಹಾದುಹೋಯಿತು. ಹೀಗೆ ಶುರುಮಾಡಬಹುದೇ? ಮಾಡಿದರೆ ನಾನು ಬಹಳ ಕರಾರುವಾಕ್ಕಾದ ಮನುಷ್ಯ ಎಂದು ನೀವು ನಂಬುತ್ತೀರಿ. (ನಂಬಿ. ಸ್ವಲ್ಪ ಹೊತ್ತಾದರೂ.)

ನಾನು ಬರೆಯಬೇಕಿದ್ದುದು ಕಥೆಯಲ್ಲ, ‘ಉಪಗ್ರಹಗಳಿಂದ ಬರದ ನಿಗಾ: ಸಂಶೋಧನೆಯ ಒಲವುಗಳು’ ಎಂಬ ಪ್ರಬಂಧ. ಮೊದಲು ಎಲ್ಲರೂ ಎಲೆಯ ಹಸಿರನ್ನು ಅಳೆದರು. ಆಮೇಲೆ ನೆಲದ ಕಾವು, ಮಣ್ಣಿನ ತೇವ, ಅಂತರ್ಜಲದ ತೂಕ. ಈಗ ಎಲ್ಲವನ್ನೂ ಮಷೀನ್ ಲರ್ನಿಂಗಿನ ಬಾಯಿಗೆ ಹಾಕಿ, ಅದು ಏನು ಹೇಳುತ್ತದೋ ಎಂದು ಕಾಯುತ್ತೇವೆ. ಪ್ರಬಂಧಗಳ ಸಂಖ್ಯೆ ಏರುತ್ತಲೇ ಇದೆ. ಬರಗಾಲದಲ್ಲೂ ಕೈಕೊಡದ ಬೆಳೆ ಅದೊಂದೇ.

೨
(ಇಲ್ಲಿ ಒಬ್ಬ ಒಂಟಿ ವಿಜ್ಞಾನಿ ಕಿಟಕಿಯಾಚೆ ನೋಡುತ್ತಿದ್ದ. ಆ ಸಾಲು ಹೊಡೆದುಹಾಕಿದ್ದೇನೆ. ನಮ್ಮ ಲ್ಯಾಬಿಗೆ ಕಿಟಕಿಯೇ ಇಲ್ಲ.)

೩
ಪಾತ್ರ: ನನ್ನ ಅಕ್ಕ. ಸಣ್ಣ ಊರೊಂದರ ಆಸ್ಪತ್ರೆಯಲ್ಲಿ ಡಯಾಲಿಸಿಸ್ ವಾರ್ಡಿನ ಹೆಡ್ ನರ್ಸ್. ಆ ಊರಿನ ಕೆರೆ ಒಣಗಿದೆ. ನನ್ನ ಬರದ ನಕ್ಷೆಯಲ್ಲಿ ಊರು ಕೆಂಪಾದರೆ ನೀರಿನ ಟ್ಯಾಂಕರ್ ಬರುತ್ತದೆ. ಹೋದ ವಾರ ನಾನು ಕಳಿಸಿದ ನಕ್ಷೆಯಲ್ಲಿ ಊರು ಹಸಿರು.

“ಏನೋ, ನಿನ್ನ ಉಪಗ್ರಹದ ಕಣ್ಣಿಗೇನಾಗಿದೆ?” ಫೋನಿನಲ್ಲಿ ಅಕ್ಕ.

“ಡೇಟಾ ಹಾಗೆ ಹೇಳ್ತಿದೆ ಅಕ್ಕ.”

“ಹಾಗಾದ್ರೆ ಡೇಟಾನೇ ಕಳ್ಸು, ಡಯಾಲಿಸಿಸ್ ಮಷೀನಿಗೆ ನೀರಿನ ಬದಲು ಅದನ್ನೇ ಸುರೀತೀನಿ. ನೀರಿಲ್ಲ, ದಿನಕ್ಕೆ ಮೂರು ಶಿಫ್ಟ್ ಡಯಾಲಿಸಿಸ್ ಇರೋದನ್ನ ಎರಡು ಮಾಡಿ ಅಂತಿದಾರೆ ಆಸ್ಪತ್ರೆಯೋರು. ಯಾವ ಪೇಷೆಂಟಿಗೆ ಬರಬೇಡ ಅನ್ಲಿ, ನೀನೇ ಹೇಳು.”

ಇಲ್ಲಿ ನಾನೊಂದು ಜಾಣ ಉತ್ತರ ಬರೆದುಕೊಂಡಿದ್ದೆ. ಈ ಕಥೆಯ ಕರಡು ಓದಿದ ಅಕ್ಕ ರೇಗಿದಳು: “ನೀನು ಸುಮ್ನಿದ್ದೆ. ಹಾಗಂತ ಬರಿ.”

ಸುಮ್ಮನಿದ್ದೆ.

೪
ತಪ್ಪು ಇವತ್ತು ಸಿಕ್ಕಿತು. ನೀರು ಹಸಿರಿನ ಲೆಕ್ಕ ಕೆಡಿಸದಿರಲೆಂದು ನಕ್ಷೆಯಲ್ಲಿ ಕೆರೆಗಳನ್ನು ಮುಚ್ಚಿಡುತ್ತೇವೆ. ನಾನು ಪ್ರೋಗ್ರಾಮಿಗೆ ‘ಈಗ ನೀರಿರುವ ಕಡೆ ಮಾತ್ರ ಮುಚ್ಚು’ ಎಂದಿದ್ದೆ. ನೀರು ಹೋಯಿತು, ಕೆರೆಯಂಗಳ ಲೆಕ್ಕಕ್ಕೆ ಬಂತು, ಅಲ್ಲಿ ಸೊಂಪಾಗಿ ಎದ್ದಿದ್ದ ಕಳೆ ಇಡೀ ಊರಿನ ಸರಾಸರಿಯನ್ನು ಮೇಲೆತ್ತಿತು. ಕೆರೆ ಒಣಗಿದಷ್ಟೂ ನನ್ನ ನಕ್ಷೆ ಹಸಿರು. (ಪ್ರಬಂಧದಲ್ಲಿ ಈ ವಿಧಾನವನ್ನು ‘ನವೀನ’ ಎಂದು ಕರೆದವನೂ ನಾನೇ.)

೫
ಮುಕ್ತಾಯ ಒಂದು: ತಿದ್ದಿದ ನಕ್ಷೆ ಹೋಗುತ್ತದೆ, ಟ್ಯಾಂಕರ್ ಬರುತ್ತದೆ, ಅಕ್ಕ ನನ್ನನ್ನು ತಬ್ಬಿಕೊಳ್ಳುತ್ತಾಳೆ.

“ನಾನು ಯಾವತ್ತು ನಿನ್ನ ತಬ್ಕೊಂಡಿದೀನಿ?”

ಮುಕ್ತಾಯ ಎರಡು: ಮಳೆ.

“ಥೂ, ಸೋಮಾರಿ.”

ಮುಕ್ತಾಯ ಮೂರು: ನಮ್ಮ ನಿರ್ದೇಶಕರು “ಹಳೇ ನಕ್ಷೆಗೆ ನನ್ನ ಸಹಿ ಆಗಿದೆಯಲ್ರೀ, ಮುಂದಿನ ತಿಂಗಳ ನಕ್ಷೇಲಿ ಸರಿಮಾಡಿದ್ರಾಯ್ತು” ಅನ್ನುತ್ತಾರೆ, ನಾನು ತಲೆಯಾಡಿಸುತ್ತೇನೆ. ಇದನ್ನು ಬರೆಯುವಾಗ ಪೆನ್ನು ಎಲ್ಲೂ ತಡೆಯಲಿಲ್ಲ. ಹೆದರಿಕೆಯಾದದ್ದೇ ಅದಕ್ಕೆ.

೬
ನಿರ್ದೇಶಕರು ನಿಜಕ್ಕೂ ಅಂದದ್ದು ಹಾಗೆಯೇ. ನಾನು ಅವರ ಸಹಿಯಿಲ್ಲದೆಯೇ ತಿದ್ದಿದ ನಕ್ಷೆಯನ್ನು ನೀರು ಸರಬರಾಜು ಕಚೇರಿಗೆ ಕಳಿಸಿದೆ, ‘ಹಿಂದಿನದು ತಪ್ಪು, ತಪ್ಪು ನನ್ನದು’ ಎಂಬ ಸಾಲಿನೊಂದಿಗೆ. ನನ್ನ ಇಡೀ ಪ್ರಬಂಧದಲ್ಲಿ ಇಷ್ಟು ಚಿಕ್ಕ ವಾಕ್ಯ ಇನ್ನೊಂದಿಲ್ಲ.

ಉತ್ತರ ಬಂದಿಲ್ಲ. ಬಂದಮೇಲೆ ಕಥೆ ಮುಗಿಸಬಹುದಿತ್ತಲ್ಲ ಎನ್ನುತ್ತೀರಿ. ನಾನು ಕಾಯುವುದಿಲ್ಲ, ಅಕ್ಕನ ಶಿಫ್ಟುಗಳೂ ಕಾಯುವುದಿಲ್ಲ. ಅಕ್ಕ ಈಗಷ್ಟೇ ಆಸ್ಪತ್ರೆಯ ಟ್ಯಾಂಕಿಗೆ ಅಳತೆಪಟ್ಟಿ ಇಳಿಸಿ ನೋಡಿದ್ದಾಳೆ. ನೀರಿನ ಆಳ 41 ಸೆಂಟಿಮೀಟರ್: ನಾಳೆಯ ಎರಡು ಶಿಫ್ಟಿಗೆ ಸಾಕು, ಮೂರನೆಯದಕ್ಕಿಲ್ಲ.