ಆರನೇ ಕಂತು

"ಮಗು ಸತ್ತಿಲ್ಲ ಅಂತ ಮಾಡಿಬಿಡೋಣ," ಎಂದಳು ವಾಹಿನಿಯಿಂದ ಬಂದಿದ್ದ ಮೇಲ್ವಿಚಾರಕಿ. "ಹೇಗೂ ಹೆಣ ತೋರಿಸಿಲ್ವಲ್ಲ. ಹೊಳೇಲಿ ಕೊಚ್ಕೊಂಡು ಹೋಯ್ತು, ಅಷ್ಟೇ ತಾನೆ? ಯಾರೋ ಎತ್ಕೊಂಡು ಸಾಕಿದ್ರು ಅಂದ್ರಾಯ್ತು."

ಕೋಣೆಯಲ್ಲಿದ್ದವರೆಲ್ಲ ಮೇಜಿನ ಕಡೆ ನೋಡಿದರು. ಗೋಡೆಯ ಮೇಲೆ ಧಾರಾವಾಹಿಯ ಮೂರನೇ ಸೀಸನ್ನಿನ ಕಂತುಗಳಿಗೆ ಒಂದೊಂದು ಸಾಲಿನಂತೆ ಬಣ್ಣದ ಚೀಟಿಗಳನ್ನು ಅಂಟಿಸಿದ್ದರು. ಆರನೆಯ ಸಾಲು ಮಾತ್ರ ಎರಡು ವಾರದಿಂದ ಖಾಲಿ ಇತ್ತು. ನಿರ್ದೇಶಕ ತನ್ನ ಲೋಟದ ಅಂಚನ್ನು ಬೆರಳಿನಿಂದ ಒರೆಸುತ್ತ ಕೂತ. ಕಿರಿಯ ಬರಹಗಾರ, ಎಲ್ಲರೂ ಕನ್ನಡಕ ಎಂದು ಕರೆಯುತ್ತಿದ್ದವನು, ಬರೆಯಲು ಏನೂ ಇಲ್ಲದಿದ್ದರೂ ಪುಸ್ತಕದಲ್ಲಿ ಏನೋ ಬರೆದುಕೊಂಡ. ಮೇಲ್ವಿಚಾರಕಿ ಕೆಲಸಕ್ಕೆ ಸೇರಿ ಒಂದು ತಿಂಗಳಾಗಿತ್ತು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ.

"ಬಾಗಿಲು ತಟ್ಟೋದು, ಅಮ್ಮ ಬಾಗಿಲು ತೆಗೆಯೋದು, ಮುಂದೆ ಮಗು ನಿಂತಿರೋದು. ಜನ ಹುಚ್ಚೆದ್ದು ಹೋಗ್ತಾರೆ," ಎಂದಳು ಅವಳು ಉತ್ಸಾಹದಿಂದ. "ಆ ದೃಶ್ಯ ಮಾತ್ರ ಅಕ್ಕನೇ ಬರೀಬೇಕು. ಮಗು ಸಾಯೋ ದೃಶ್ಯ ಬರೆದೋರು ನೀವೇ ಅಂತೆ. ನಮ್ಮ ಮನೇಲಿ ಅವತ್ತು ಯಾರೂ ಊಟ ಮಾಡ್ಲಿಲ್ಲ, ಗೊತ್ತಾ?"

ಮೂಲೆಯಲ್ಲಿ ಕೂತಿದ್ದ ಸಂಭಾಷಣೆಗಾರ್ತಿ ತಲೆಯಾಡಿಸಿದಳು. ಚಿತ್ರೀಕರಣದ ಜಾಗದಲ್ಲಿ ನಾಯಕಿಯಿಂದ ಹಿಡಿದು ಲೈಟು ಹೊರುವವರ ತನಕ ಎಲ್ಲರಿಗೂ ಅವಳು ಅಕ್ಕ.

"ಯಾವ ಕಂತಲ್ಲಿ?" ಎಂದಷ್ಟೇ ಕೇಳಿದಳು.

"ಆರರಲ್ಲಿ."

ಕತೆಯ ನಾಯಕಿ ಸಿಡಿಲಮ್ಮ ಮೊದಲ ಸೀಸನ್ನಿನಲ್ಲೇ ಮನೆಮಾತಾಗಿದ್ದಳು. ಹಗಲು ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ, ಊರಿಗೆ ಆಪತ್ತು ಬಂದಾಗ ಅಂಗೈಯಲ್ಲಿ ಮಿಂಚು ಹಿಡಿದು ಹೊರಡುವ ಒಬ್ಬ ತಾಯಿ. ಆಕೆಗೊಬ್ಬಳು ಮಗಳು. ಆ ಸೀಸನ್ನು ಮುಗಿದ ಮರುತಿಂಗಳು ಅಕ್ಕನ ಸ್ವಂತ ಮಗಳಿಗೆ ಜ್ವರ ಬಂತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು. ಹನ್ನೆರಡನೆಯ ದಿನ ಗಂಡ ಹೆಂಡತಿ ಇಬ್ಬರೇ ಮನೆಗೆ ಬಂದರು. ಮಗುವಿಗೆ ಒಂಬತ್ತು ತುಂಬಲು ಎಂಟು ದಿನ ಬಾಕಿಯಿತ್ತು.

ಎರಡನೇ ಸೀಸನ್ನಿನ ಕೊನೆಯಲ್ಲಿ ಸೇತುವೆ ಕುಸಿಯುತ್ತದೆ. ಸಿಡಿಲಮ್ಮ ಬಸ್ಸು ತುಂಬ ಜನರನ್ನು ದಡಕ್ಕೆ ದಾಟಿಸಿ ತಿರುಗುವಷ್ಟರಲ್ಲಿ ಅವಳ ಮಗಳು ಮುರಿದ ಕಂಬಿ ಹಿಡಿದು ನೇತಾಡುತ್ತಿರುತ್ತಾಳೆ. ಕತ್ತಲೆಯಲ್ಲಿ ತಾಯಿಯ ಅಂಗೈ ಹೊಳೆಯುವುದನ್ನು ನೋಡಿ, "ಅಮ್ಮ, ಲೈಟ್ ಆರಿಸ್ಬೇಡ," ಅನ್ನುತ್ತಾಳೆ. ಆ ಒಂದು ಮಾತಿಗೆ ನಾಡೆಲ್ಲ ಅತ್ತಿತು. ಅಕ್ಕನಿಗೆ ಪ್ರಶಸ್ತಿಯೂ ಬಂತು. ಆದರೆ ಅದು ಅಕ್ಕ ಕಟ್ಟಿದ ಮಾತಲ್ಲ. ಹನ್ನೊಂದನೆಯ ದಿನ ಸಂಜೆ, ನರ್ಸು ದೀಪದ ಗುಂಡಿ ಒತ್ತಲು ಹೋದಾಗ ಮಗಳು ಆಡಿದ ಕೊನೆಯ ಮಾತು.

ನೀರಿನ ಕಚೇರಿಯಲ್ಲಿ ಕೊಳವೆಗಳ ನಕ್ಷೆ ಬರೆಯುವ ಗಂಡ ಅದನ್ನು ಕೇಳಿದ್ದು ಗೋಡೆಯಾಚೆಯ ಮನೆಯ ಟೀವಿಯಿಂದ. ಕೈತೊಳೆಯುತ್ತಿದ್ದವನು ನಲ್ಲಿ ನಿಲ್ಲಿಸುವುದನ್ನೂ ಮರೆತು ನಿಂತುಬಿಟ್ಟಿದ್ದ. ಆಮೇಲೆ ಒಳಗೆ ಬಂದು, "ಅದು ನಮ್ಮಿಬ್ಬರದಾಗಿತ್ತು," ಎಂದ. ಜಗಳವಾಡಲಿಲ್ಲ, ದನಿ ಏರಿಸಲಿಲ್ಲ. ಎರಡು ವರ್ಷದಿಂದ ಆ ಮನೆಯಲ್ಲಿ ಹಾಲು ತಂದಾಯ್ತಾ, ಬೀಗ ಹಾಕಿದ್ಯಾ ಅನ್ನುವಂಥ ಮಾತುಗಳೇ ಉಳಿದಿದ್ದವು.

ಸಭೆ ಮುಗಿದ ಮೇಲೆ ನಿರ್ದೇಶಕ ಮೆಟ್ಟಿಲ ಹತ್ತಿರ ಅವಳನ್ನು ಹಿಡಿದ.

"ಅಕ್ಕ, ನಿಮಗೆ ಆಗಲ್ಲ ಅಂದ್ರೆ ಬೇಡ. ಕನ್ನಡಕನ ಕೈಲಿ ಬರೆಸ್ತೀನಿ. ವಾಹಿನಿಯವಳಿಗೆ ನಾನು ಹೇಳ್ಕೋತೀನಿ."

"ಬರೆಸು. ನೋಡೋಣ."

ಕನ್ನಡಕ ಒಂದೇ ದಿನದಲ್ಲಿ ಬರೆದು ತಂದ. ಸುರಿಯುವ ಮಳೆ, ಆಕಾಶದ ತುಂಬ ಮಿಂಚು, ತಾಯಿ ಮಗಳು ಒಬ್ಬರನ್ನೊಬ್ಬರು ತಬ್ಬಿಕೊಂಡು ಮೂರು ಪುಟ ಅಳು. ಅಕ್ಕ ಪೂರ್ತಿ ಓದಿ ಎರಡು ಕಡೆ ಒತ್ತಕ್ಷರ ತಿದ್ದಿದಳು. ಅವನು ಉಗುರು ಕಚ್ಚುತ್ತ ಎದುರಿಗೇ ನಿಂತಿದ್ದ.

"ಚೆನ್ನಾಗಿಲ್ವಾ ಅಕ್ಕ?"

"ಚೆನ್ನಾಗಿದೆ ಕಣೋ. ಆದರೆ ಇದು ನೋಡೋರು ಅಳೋ ಅಳು. ಅವಳದ್ದಲ್ಲ." ಕಾಗದಗಳನ್ನು ಮಡಚಿ ಅವನ ಕೈಗಿಟ್ಟಳು. "ನಾಲ್ಕು ದಿನ ಟೈಮ್ ಕೊಡು. ನಾನೇ ನೋಡ್ತೀನಿ."

ಮೂರು ದಿನ ಒಂದಕ್ಷರ ಮೂಡಲಿಲ್ಲ. ಬಾಗಿಲು ತೆರೆಯುವ ತನಕ ಬರೆಯುತ್ತಿದ್ದಳು. ಹೊಸ್ತಿಲಲ್ಲಿ ಮಗು ನಿಂತಿದೆ ಎಂದು ಬರೆದ ಕೂಡಲೇ ಮುಂದಿನ ಸಾಲಿಗೆ ಕೈ ಹೋಗುತ್ತಿರಲಿಲ್ಲ. ಆ ಸಾಲು ಬರೆದರೆ ಮತ್ತೇನನ್ನೋ ಮಾರಿಕೊಂಡಂತಾಗುತ್ತದೆ ಅನ್ನಿಸುತ್ತಿತ್ತು. ಬರೆಯದಿದ್ದರೆ, ಬಾಗಿಲಲ್ಲಿ ನಿಂತ ಮಗುವನ್ನು ಹಾಗೇ ಹೊರಗೆ ಬಿಟ್ಟುಬಂದಂತೆ.

ಭಾನುವಾರ ಮಧ್ಯಾಹ್ನ ಗಂಡ ಸ್ಟೂಲಿನ ಮೇಲೆ ನಿಂತು ಫ್ಯಾನಿನ ರೆಕ್ಕೆ ಒರೆಸುತ್ತಿದ್ದ. ಸ್ಟೂಲಿನ ಒಂದು ಕಾಲು ಗಿಡ್ಡ. ಅವಳು ಹೋಗಿ ಅದನ್ನು ಹಿಡಿದುಕೊಂಡಳು.

"ಒಂದು ಮಾತು ಕೇಳ್ಲಾ?"

"ಹೂಂ."

"ಸೀರಿಯಲ್‌ನಲ್ಲಿ ಮಗು ವಾಪಸ್ ಬರಬೇಕಂತೆ."

ಬಟ್ಟೆ ರೆಕ್ಕೆಯ ಮೇಲೆ ನಿಂತಿತು.

"ಬಾಗಿಲು ತಟ್ಟುತ್ತೆ. ಅಮ್ಮ ಬಾಗಿಲು ತೆಗೀತಾಳೆ. ಆಮೇಲೇನು ಅಂತ ನಾನು ಬರೀಬೇಕು. ಈ ಸಲ ನಿಮ್ಮನ್ನ ಕೇಳದೆ ಬರೆಯಲ್ಲ. ಬೇಡ ಅಂದ್ರೆ ಇವತ್ತೇ ಬಿಟ್ಟುಬಿಡ್ತೀನಿ."

ಅವನು ಕೆಳಗಿಳಿದ. ಬಚ್ಚಲಿಗೆ ಹೋಗಿ ಬಟ್ಟೆ ಹಿಂಡಿಕೊಂಡು ಬಂದ. ಅಷ್ಟು ಹೊತ್ತೂ ಅವಳು ಖಾಲಿ ಸ್ಟೂಲನ್ನು ಹಿಡಿದೇ ನಿಂತಿದ್ದಳು.

"ನೀನು ಬರೀದಿದ್ರೆ ಬೇರೆಯವರು ಬರೀತಾರಾ?"

"ಬರೆದೂ ಆಗಿದೆ. ಮಳೆ, ಮಿಂಚು, ಮೂರು ಪುಟ ಅಳು."

ಅವನ ತುಟಿಯ ತುದಿ ಒಂದಿಷ್ಟು ಅಲುಗಿತು. ನಗುವೋ ಏನೋ. ಮತ್ತೆ ಸ್ಟೂಲು ಹತ್ತಿದ. ಎರಡು ರೆಕ್ಕೆ ಒರೆಸಿ ಆದ ಮೇಲೆ ಮೇಲಿನಿಂದ ಮಾತು ಬಂತು.

"ನಾನಾಗಿದ್ರೆ ಏನೂ ಅನ್ನಲ್ಲ. ಕೈ ಹಿಡಿದು ಒಳಗೆ ಎಳ್ಕೊಂಡು ಮೊದಲು ಚಿಲಕ ಹಾಕ್ತೀನಿ. ಮತ್ತೆ ಎಲ್ಲೂ ಹೋಗಬಾರದಲ್ಲ." ಬಟ್ಟೆಯ ಮಡಿಕೆ ಬದಲಿಸಿದ. "ಆಮೇಲೆ ಬೈತೀನಿ. ಎಲ್ಲಿಗೆ ಹಾಳಾಗಿ ಹೋಗಿದ್ದೆ, ನಾವು ಎಲ್ಲೆಲ್ಲಿ ಹುಡುಕೋದು ನಿನ್ನ, ಅಂತ..."

ಒರೆಸಿ ಆಗಿದ್ದ ರೆಕ್ಕೆಯನ್ನೇ ಮತ್ತೆ ಒರೆಸತೊಡಗಿದ. ಸ್ಟೂಲು ಸಣ್ಣಗೆ ನಡುಗುತ್ತಿತ್ತು. ಅವಳು ತಲೆಯೆತ್ತಿ ನೋಡಲಿಲ್ಲ. ಎರಡೂ ಕೈಯಿಂದ ಅದನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಬರಿ," ಎಂದ ಕೊನೆಗೆ. "ಇದನ್ನ ಬರಿ."

ಬರೆದದ್ದು ಅರ್ಧ ಪುಟವೂ ಆಗಲಿಲ್ಲ. ಅದರಲ್ಲಿ ಮಗುವಿನ ಉತ್ತರ ಮಾತ್ರ ಅಕ್ಕನದೇ. ಮೇಲ್ವಿಚಾರಕಿ ಓದಿ ಹಾಳೆ ತಿರುಗಿಸಿ ಹಿಂದೆ ನೋಡಿದಳು.

"ಇಷ್ಟೇನಾ? ಅಳೋದೇ ಇಲ್ವಾ? ತಬ್ಕೊಳ್ಳೋದೂ ಇಲ್ವಾ?"

"ಇಷ್ಟೇ," ಎಂದ ನಿರ್ದೇಶಕ. "ಇದರಲ್ಲಿ ಒಂದು ಪದ ಬದಲಾದ್ರೂ ನಾನು ಕ್ಯಾಮೆರಾ ಇಡಲ್ಲ." ಅವನು ವಾಹಿನಿಯವರ ಎದುರು ಹಾಗೆ ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ. ಆಮೇಲೆ ಮೇಲ್ವಿಚಾರಕಿಯನ್ನು ಹೊರಗೆ ಕರೆದುಕೊಂಡು ಹೋಗಿ ಏನೋ ಹೇಳಿದ. ಅವಳು ಆ ದಿನ ಮತ್ತೆ ಒಳಗೆ ಬರಲಿಲ್ಲ.

ಚಿತ್ರೀಕರಣದ ದಿನ ಬೆಳಿಗ್ಗೆ ಬೇರೆಯದೇ ತೊಂದರೆ ಎದುರಾಯಿತು. ಮಗಳ ಪಾತ್ರದ ಹುಡುಗಿ ಎರಡು ವರ್ಷದ ಮೇಲೆ ಬಂದಿದ್ದಳು. ಸೇತುವೆಯ ದೃಶ್ಯದಲ್ಲಿ ತೊಟ್ಟಿದ್ದ ಹಳದಿ ಫ್ರಾಕು ಅವಳ ತೋಳಿಗೇ ಏರಲಿಲ್ಲ. ಉಡುಪಿನವಳು ಹಣೆ ಹಣೆ ಬಡಿದುಕೊಂಡಳು.

"ಇದೇನವ್ವ, ನೀರು ಹಾಕಿದ ಹಾಗೆ ಬೆಳೆದಿದ್ದೀಯಾ!"

ಹುಡುಗಿ ತಪ್ಪು ಮಾಡಿದವಳಂತೆ ಮೊಣಕಾಲು ಬಗ್ಗಿಸಿ ನಿಂತಳು. ನಿರ್ದೇಶಕ ಒಂದು ಸುತ್ತು ಬಂದು ನೋಡಿ, ಕ್ಯಾಮೆರಾ ಮೇಲಿಂದ ಇಟ್ಟರೆ ಗಿಡ್ಡ ಕಾಣುತ್ತಾಳೆಯೇ ಎಂದು ಲೆಕ್ಕ ಹಾಕತೊಡಗಿದ.

"ಮುಚ್ಚಿಡ್ಬೇಡ," ಎಂದಳು ಅಕ್ಕ. "ಎರಡು ವರ್ಷ ಆಗಿದೆ. ಮಕ್ಕಳು ಬೆಳೀತಾರೆ. ಇವಳಿಗೆ ಸರಿಹೊಂದೋ ಬಟ್ಟೆ ಹಾಕು." ಹುಡುಗಿಯ ಬೆನ್ನಿಗೆ ಕೈಯಿಟ್ಟು, "ನೆಟ್ಟಗೆ ನಿಲ್ಲು ಪುಟ್ಟಿ," ಎಂದಳು. ಹುಡುಗಿ ನೆಟ್ಟಗಾದಳು. ಅವಳ ತಲೆ ಅಕ್ಕನ ಕಿವಿಯವರೆಗೆ ಬಂತು. ಅಕ್ಕ ಬೆನ್ನಿನ ಮೇಲಿಂದ ಕೈ ತೆಗೆಯಲು ಕೊಂಚ ತಡಮಾಡಿದಳು.

ಸೆಟ್ಟಿನ ಬಾಗಿಲಿಗೆ ಚಿಲಕವೇ ಇರಲಿಲ್ಲ. ಎರಡು ಸೀಸನ್ನು ಯಾರಿಗೂ ಅದು ಬೇಕಾಗಿರಲಿಲ್ಲ. ಬಡಗಿ ಗೊಣಗುತ್ತಲೇ ಹೊಸ ಕಬ್ಬಿಣದ ಚಿಲಕ ತಂದು ಜಡಿದ. ಅವನು ಸುತ್ತಿಗೆ ಬಡಿಯುವಾಗ ಮೇಲ್ವಿಚಾರಕಿ ಬಂದು ಅಕ್ಕನ ಪಕ್ಕ ನಿಂತಳು. ಮುಖ ಇಳಿದುಹೋಗಿತ್ತು.

"ನನಗೆ ಗೊತ್ತಿರ್ಲಿಲ್ಲ ಅಕ್ಕ. ದೇವರಾಣೆ ಗೊತ್ತಿರ್ಲಿಲ್ಲ."

"ಗೊತ್ತಿದ್ರೂ ಕೇಳ್ಬೇಕಿತ್ತಲ್ಲಮ್ಮ, ನಿನ್ನ ಕೆಲಸ ಅದು. ಹೋಗಲಿ ಬಿಡು. ಕೂತ್ಕೋ."

ಮೊದಲ ಟೇಕು. ಬಾಗಿಲು ತಟ್ಟಿದ ಸದ್ದು. ಸಿಡಿಲಮ್ಮ ಮನೆಯಲ್ಲಿ ಉಡುವ ಹಳೆಯ ಸೀರೆಯಲ್ಲಿ ಬಂದು ಬಾಗಿಲು ತೆರೆದಳು. ಹುಡುಗಿ ನಿಂತಿದ್ದಳು. ನಾಯಕಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕೈ ಹಿಡಿದು ಒಳಗೆ ಎಳೆದುಕೊಂಡು, ಬಾಗಿಲು ದೂಡಿ, ಚಿಲಕಕ್ಕೆ ಕೈಹಾಕಿದಳು. ಹೊಸ ಚಿಲಕ ಬಿಗಿಯಾಗಿತ್ತು. ಜಾರಲಿಲ್ಲ. ಇನ್ನೊಮ್ಮೆ ದೂಡಿದಳು. ಬೆರಳು ತಪ್ಪಿತು. ಯಾರೋ ಪಿಸುಗುಟ್ಟಿದರು. ನಿರ್ದೇಶಕ ಕೈಯೆತ್ತಿ ಸುಮ್ಮನಿರಿಸಿದ. ಅಂಗೈಯಲ್ಲಿ ಸಿಡಿಲು ಹಿಡಿಯುವ ಹೆಂಗಸು ಒಂದು ಚಿಲಕದೊಂದಿಗೆ ಎರಡೂ ಕೈಯಲ್ಲಿ ಗುದ್ದಾಡಿ, ಭುಜ ಕೊಟ್ಟು, ಕೊನೆಗೆ ಖಟ್ಟೆಂದು ಅದನ್ನು ಕೂರಿಸಿದಳು. ಬಾಗಿಲಿಗೆ ಬೆನ್ನು ಒತ್ತಿ ನಿಂತಳು. ಉಸಿರು ಏರಿಳಿಯುತ್ತಿತ್ತು.

"ಎಲ್ಲಿಗೆ ಹಾಳಾಗಿ ಹೋಗಿದ್ದೆ?" ಎಂದಳು. "ಎಲ್ಲೆಲ್ಲಿ ಹುಡುಕೋದು ನಿನ್ನ?"

"ಇಲ್ಲೇ ಇದ್ದೆ ಅಮ್ಮ," ಎಂದಳು ಹುಡುಗಿ.

ಕಟ್ ಅನ್ನಬೇಕಾದವನು ಅನ್ನಲಿಲ್ಲ. ಬಡಗಿ ಸುತ್ತಿಗೆಯನ್ನು ಎದೆಗೆ ಹಿಡಿದುಕೊಂಡೇ ನಿಂತಿದ್ದ. ಅಕ್ಕ ಮಾನಿಟರಿನ ಮುಂದಿನಿಂದ ಎದ್ದು, ನೆಲದ ಮೇಲಿನ ತಂತಿಗಳನ್ನು ದಾಟಿಕೊಂಡು ಹೊರಗೆ ಬಂದಳು.

ಹೊರಗೆ ಕಣ್ಣು ಕೋರೈಸುವ ಬಿಸಿಲು. ಜನರೇಟರ್ ಗಾಡಿಯ ನೆರಳಿನಲ್ಲಿ, ಮಗುಚಿ ಹಾಕಿದ ಮರದ ಪೆಟ್ಟಿಗೆಯೊಂದರ ಮೇಲೆ ಗಂಡ ಕೂತಿದ್ದ. ಕಚೇರಿಯ ಬಟ್ಟೆಯಲ್ಲೇ ಬಂದಿದ್ದ. ಜೇಬಿನಲ್ಲಿ ಪೆನ್ಸಿಲು. ಅವಳು ಕೆಲಸ ಮಾಡುವ ಜಾಗಕ್ಕೆ ಅವನು ಬಂದದ್ದು ಇದೇ ಮೊದಲು.

"ಒಳಗೆ ಬರೋದಲ್ವಾ?" ಎಂದಳು.

"ಬೇಡ ಅನ್ನಿಸ್ತು."

ಅವಳು ಪಕ್ಕದಲ್ಲಿ ಕೂತಳು. ಜನರೇಟರಿನ ಗುಡುಗುಡು ಸದ್ದು ಪೆಟ್ಟಿಗೆಯ ಹಲಗೆಯಿಂದ ಇಬ್ಬರ ಮೈಗೂ ಹತ್ತುತ್ತಿತ್ತು.

"ಆಯ್ತಾ?"

"ಆಯ್ತು."

ಅವನು ತನ್ನ ಬೂಟಿನ ಮೂತಿಯನ್ನು ನೋಡುತ್ತ ಕೂತ. ಕೇಳಲೋ ಬೇಡವೋ ಅನ್ನುವಂತೆ ಜೇಬಿನ ಪೆನ್ಸಿಲು ತೆಗೆದು ಮತ್ತೆ ಅಲ್ಲೇ ಇಟ್ಟ.

"ಬಂದ್ಲಾ?"

"ಬಂದ್ಲು."

"ಹೇಗಿದ್ದಾಳೆ?"

"ಎತ್ತರ ಆಗಿದ್ದಾಳೆ."

"ಎಷ್ಟು?"

ಅವಳು ಎದ್ದು ನಿಂತಳು. ಬಿಸಿಲಿನಲ್ಲಿ ಅಂಗೈ ಕೆಳಮುಖವಾಗಿ ಚಾಚಿ, ತನ್ನ ಕಿವಿಯ ಮಟ್ಟಕ್ಕೆ ಎತ್ತಿ ಹಿಡಿದಳು. ಅವನು ಆ ಕೈಯನ್ನು ನೋಡಿದ. ಆಮೇಲೆ ಕೈಯ ಕೆಳಗೆ, ಅವಳ ಪಕ್ಕದಲ್ಲಿ, ನೆಲದವರೆಗೂ ನಿಧಾನವಾಗಿ ನೋಡುತ್ತ ಹೋದ. ಒಳಗಿನಿಂದ ಯಾರೋ ಅಕ್ಕನನ್ನು ಕೂಗಿದರು. ಅವಳು ಕೈ ಇಳಿಸಲಿಲ್ಲ.